ಕಾರವಾರದಿಂದ ಮುರ್ಡೇಶ್ವರಕ್ಕೆ ಹಾಯಿದೋಣಿ, ಬೆನ್ನಿಗೆ 25 ನಾಟ್ ಗಾಳಿ, ದೋಣಿಯಲ್ಲಿ ನಾವಿಬ್ಬರೇ (ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ)

ಹಾಯಿಮರುಳ

ಕಳೆದ ಫೆಬ್ರವರಿ ಕೊನೆಯಲ್ಲಿ ಆಗಿದ್ದು. ಬರೆಯೋಣ ಬರೆಯೋಣ ಅಂದುಕೊಂಡೇ ತಿಂಗಳುಗಳು ಹೋದವು. ಮೊನ್ನೆ ಇಲ್ಲಿ ಒಬ್ಬರು "ಮಳೆಗಾಲ ಬಿಟ್ಟರೆ ನಮ್ಮ ಕರಾವಳಿಯ ಕಡಲು ಕೆರೆ ಇದ್ದ ಹಾಗೆ" ಅಂತ ಬರೆದಿದ್ದರು. ಅದನ್ನು ಓದಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಮ್ಮದು 27 ಅಡಿಯ ಹಳೆಯ ಫೈಬರ್ ದೋಣಿ. ಎರಡು ಹಾಯಿ, 14 ಎಚ್‌ಪಿಯ ಪುಟ್ಟ ಡೀಸೆಲ್ ಎಂಜಿನ್. ಗೋವಾದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ಮಲ್ಪೆಗೆ ತರಬೇಕಿತ್ತು. ಲಾರಿಯಲ್ಲಿ ತರಬಹುದಿತ್ತು. ಆದರೆ ಹಾಯಿದೋಣಿ ಕೊಂಡು ಲಾರಿಯಲ್ಲಿ ತರುವುದು ಅಂದರೆ ಕುದುರೆ ಕೊಂಡು ಹೊತ್ತುಕೊಂಡು ಬಂದ ಹಾಗೆ, ಅಲ್ವಾ? ಹೆಂಡತಿಯೂ ಹೂಂ ಅಂದಳು. ಇಬ್ಬರೂ ತರಬೇತಿ ಮುಗಿಸಿದ್ದೆವು. ಆದರೆ ದಿನವಿಡೀ ಇಬ್ಬರೇ ಹೋಗಿ ಅಭ್ಯಾಸ ಕಡಿಮೆ.

ಗೋವಾದಿಂದ ಕಾರವಾರಕ್ಕೆ ಬಂದಿದ್ದು ಆರಾಮಾಗಿ. ಅದರ ಬಗ್ಗೆ ಬರೆಯಲು ಏನೂ ಇಲ್ಲ, ಬಿಸಿಲಿಗೆ ಮೂಗು ಸುಲಿಯಿತು ಅಷ್ಟೇ. ಎರಡನೆಯ ಹಂತ ಕಾರವಾರದಿಂದ ಮುರ್ಡೇಶ್ವರ, ಸುಮಾರು 48 ನಾಟಿಕಲ್ ಮೈಲಿ. ದಾರಿಯಲ್ಲಿ ಅಳಿವೆಗಳಿವೆ, ಅಂದರೆ ನದಿಗಳು ಕಡಲು ಸೇರುವ ಬಾಯಿಗಳು. ಆದರೆ ಗೊತ್ತಿಲ್ಲದ ಅಳಿವೆಗೆ ನುಗ್ಗುವ ಧೈರ್ಯ ನಮಗಿಲ್ಲ. ಮುರ್ಡೇಶ್ವರದ ಗುಡ್ಡ ಕಡಲಿನೊಳಗೆ ಚಾಚಿಕೊಂಡಿದೆ. ಅದರ ತೆಂಕು ಬದಿಯಲ್ಲಿ ಲಂಗರು ಹಾಕಿದರೆ ವಾಯವ್ಯದ ಗಾಳಿಗೆ ಮರೆ ಸಿಗುತ್ತದೆ ಅನ್ನುವುದು ಲೆಕ್ಕ.

ಬೆಳಗಿನ ಜಾವ ಐದೂವರೆಗೆ ಹೊರಟೆವು. ಭೂಮಿಯ ಕಡೆಯಿಂದ ತಣ್ಣನೆ ಗಾಳಿ. ಹಿಂದೆ ದೇವಗಡದ ದೀಪಸ್ತಂಭ ಮಿನುಗುತ್ತಿತ್ತು. ಒಂಬತ್ತೂವರೆಗೆ ಗೋಕರ್ಣದ ಎದುರು ಇದ್ದೆವು. ಅಲ್ಲಿಗೆ ಗಾಳಿ ಸತ್ತಿತು. ಎಂಜಿನ್ ಹಾಕಿ ಡೀಸೆಲ್ ಉಳಿಸುತ್ತಾ ನಾಲ್ಕು ನಾಟ್‌ನಲ್ಲಿ ತೆವಳಿದೆವು. ಮಧ್ಯಾಹ್ನ ಮೊಸರನ್ನ, ಮಾವಿನಮಿಡಿ ಉಪ್ಪಿನಕಾಯಿ. ನಾವು ನೋಡಿದ್ದ ಆ್ಯಪ್ ಮಧ್ಯಾಹ್ನ ವಾಯವ್ಯದಿಂದ 14-15 ನಾಟ್ ಅಂದಿತ್ತು. ನಮಗೆ ಅದು ಹೇಳಿ ಮಾಡಿಸಿದ ಗಾಳಿ.

ಒಂದು ಗಂಟೆಗೆ ಬಂತು. ಎಂಜಿನ್ ಆರಿಸಿ ಎರಡೂ ಹಾಯಿ ಪೂರ್ತಿ ಬಿಚ್ಚಿದೆ. ನಿಜ ಹೇಳ್ತೀನಿ, ಅಂಥ ಖುಷಿ ಜೀವನದಲ್ಲಿ ಕಡಿಮೆ. ಬೆನ್ನಿನಿಂದ ಗಾಳಿ, ದೋಣಿ ಆರು ನಾಟ್ ದಾಟಿ ಓಡುತ್ತಿದೆ, ಮೈಮೇಲೆ ಗಾಳಿಯೇ ಗೊತ್ತಾಗುವುದಿಲ್ಲ. ಅಲೆಗಳು ಹಿಂದಿನಿಂದ ಬಂದು ಎತ್ತಿ ಎತ್ತಿ ಮುಂದೆ ಇಡುತ್ತಿವೆ. ಹೆಂಡತಿ "ಹಾಯಿ ಒಂದು ಮಡಿಕೆ ಮಡಚೋಣ್ವಾ?" ಅಂದಳು (ಗಾಳಿ ಹಿಡಿಯುವ ಬಟ್ಟೆ ಕಡಿಮೆ ಮಾಡುವುದು). "ಹತ್ತು ನಿಮಿಷ" ಅಂದೆ.

ಹೊನ್ನಾವರದ ಎದುರು, ಬಸವರಾಜ ದುರ್ಗದ ನಡುಗಡ್ಡೆ ದಾಟಿದ ಮೇಲೆ, ಸುಮಾರು ಎರಡು ಗಂಟೆಗೆ, ಹಿಂದೆ ತಿರುಗಿ ನೋಡಿದರೆ ಕಡಲೆಲ್ಲ ಬಿಳಿ. ಅಲೆಯ ತಲೆಗಳು ಒಡೆದು ನೊರೆ ಗೆರೆಗೆರೆಯಾಗಿ ಓಡುತ್ತಿತ್ತು. ಗಾಳಿ ಅಳೆಯುವ ಕೈಮೀಟರ್ ತೆಗೆದು ಹಿಡಿದರೆ 19. ದೋಣಿ ಓಡುತ್ತಿದ್ದ ಆರನ್ನು ಕೂಡಿಸಿದರೆ ನಿಜವಾದ ಗಾಳಿ 25! ಚುಕ್ಕಾಣಿ ಕಲ್ಲಿನ ಹಾಗೆ ಬಿಗಿಯಾಗಿತ್ತು. ಅಷ್ಟರಲ್ಲಿ ಒಂದು ದೊಡ್ಡ ಅಲೆ ಹಿಂಭಾಗವನ್ನು ಎತ್ತಿ ತಿರುಗಿಸಿತು. ಎಡಗಡೆ ಚಾಚಿದ್ದ ಬೂಮ್ ಬಲಕ್ಕೆ ಬೀಸಿ ಹೊಡೆಯಿತು. (ಗೊತ್ತಿಲ್ಲದವರಿಗೆ: ಬೂಮ್ ಅಂದರೆ ದೊಡ್ಡ ಹಾಯಿಯ ಬುಡಕ್ಕಿರುವ ಅಡ್ಡಮರ. ನಮ್ಮದು ಅಲ್ಯೂಮಿನಿಯಮ್ಮಿನದು.) ಗುಂಡು ಹಾರಿದ ಸದ್ದು. ಹಗ್ಗದ ರಾಟೆಯೊಂದು ಸೀಳಿತು. ಕಂಬಕ್ಕೂ ಬೂಮಿಗೂ ಸೇರುವ ಕಡೆಯ ಪಿನ್ನು ಬಾಗಿತು. ನನ್ನ ಮುಂಗೈ ಹಗ್ಗಕ್ಕೆ ಉಜ್ಜಿ ಚರ್ಮ ಕಿತ್ತಿತು. ಹೆಂಡತಿ ಆ ಹೊತ್ತಿಗೆ ಒಳಗೆ ಬಗ್ಗಿದ್ದಳು. ನಿಂತಿದ್ದರೆ... ಬಿಡಿ.

ಮುಂದಿನ ಅರ್ಧ ಗಂಟೆ ಚೆನ್ನಾಗಿರಲಿಲ್ಲ. ಎಂಜಿನ್ ಹಾಕಿ, ನೀರಲ್ಲಿ ಹಗ್ಗ ಬಿದ್ದಿಲ್ಲ ಅಂತ ನೋಡಿಕೊಂಡು, ಗಾಳಿಗೆ ಮುಖ ಮಾಡಿ ದೊಡ್ಡ ಹಾಯಿ ಇಳಿಸಿದೆವು. ಮದುವೆ ಪೆಂಡಾಲಿನ ತಗಡು ಗಾಳಿಗೆ ಬಡಿದುಕೊಂಡ ಹಾಗೆ ಸದ್ದು. ನಂತರ ಮುಂದಿನ ಸಣ್ಣ ಹಾಯಿಯನ್ನು ಅರ್ಧ ಮಾತ್ರ ಬಿಚ್ಚಿಕೊಂಡು ನಾಲ್ಕೂವರೆ ನಾಟ್‌ನಲ್ಲಿ ಹೋದೆವು. ಮುರ್ಡೇಶ್ವರದ ಗೋಪುರ ಬಹಳ ದೂರದಿಂದಲೇ ಕಾಣುತ್ತದೆ. 20 ಅಂತಸ್ತು ತಾನೇ? ಕಾಣುತ್ತದೆ, ಕಾಣುತ್ತಲೇ ಇರುತ್ತದೆ, ಹತ್ತಿರ ಮಾತ್ರ ಬರುವುದಿಲ್ಲ. ಐದೂಕಾಲಿಗೆ ಗುಡ್ಡದ ಮರೆಗೆ ತಿರುಗಿದೆವು. ಇಪ್ಪತ್ತು ನಿಮಿಷದಲ್ಲಿ ಬೇರೆಯೇ ಕಡಲು.

ಪ್ರಶ್ನೆ ಇಷ್ಟೇ. ಹೊನ್ನಾವರದ ಅಳಿವೆಯೊಳಗೆ ಹೋಗಿಬಿಡಬೇಕಿತ್ತಾ? ಅಷ್ಟು ಹತ್ತಿರ ಇದ್ದೂ ಇನ್ನೂ 12 ಮೈಲಿ ಹೋಗಿದ್ದು ಸರಿಯಾ? ಅನುಭವ ಇರುವವರು ಹೇಳಿ.

ಬಸವನಗುಡಿ ಬೋಂಡ

ಸರ್, ನಾಟ್ ಅಂದ್ರೆ ಎಷ್ಟು ಕಿಲೋಮೀಟರ್? 25 ಅಂದ್ರೆ ನಮ್ಮ ರಿಂಗ್ ರೋಡ್ ಸ್ಪೀಡ್ ತರ ಕೇಳಿಸ್ತಿದೆ.

ಹಾಯಿಮರುಳ

ಒಂದು ನಾಟ್ ಅಂದರೆ ಗಂಟೆಗೆ 1.852 ಕಿಮೀ. 25 ಅಂದರೆ ಸುಮಾರು 46 ಕಿಮೀ. ಬೈಕಿನಲ್ಲಿ ಅದು ಏನೂ ಅಲ್ಲ. ಬೈಕಿನ ಮೇಲೆ ಒಂದು ಕೋಣೆಯಷ್ಟು ದೊಡ್ಡ ಬಟ್ಟೆ ಕಟ್ಟಿಕೊಂಡು ಹೋಗಿ ನೋಡಿ.

ಅಳಿವೆ ಬಾಗಿಲು

ನಾನು ಗಂಗೊಳ್ಳಿ ಕಡೆಯವ. ಇಪ್ಪತ್ತೆರಡು ವರ್ಷ ಬೋಟಿನಲ್ಲಿ ಹೋದವ, ಈಗ ಮೊಣಕಾಲು ಹೋಗಿ ದಡದಲ್ಲಿ ಕೂತಿದ್ದೇನೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೊನ್ನಾವರದ ಅಳಿವೆಗೆ ಹೋಗದಿದ್ದದ್ದು ಒಳ್ಳೆಯದಾಯಿತು ಮಾರಾಯ್ರೆ.

ಹೊರಗಿನವರಿಗೆ ಅಳಿವೆ ಅಂದರೆ ಬಾಗಿಲು ಇದ್ದ ಹಾಗೆ ಕಾಣುತ್ತದೆ. ಒಳಗೆ ನದಿ, ನೆರಳು, ಬಂದರು. ಆದರೆ ಬಾಗಿಲಿನ ಹೊಸ್ತಿಲು ಮರಳು. ಶರಾವತಿ ತಂದು ಹಾಕುವ ಮರಳು, ಕಡಲು ತಳ್ಳುವ ಮರಳು, ಎರಡೂ ಅಲ್ಲೇ ಕೂರುತ್ತದೆ. ಹೋದ ವರ್ಷದ ದಾರಿ ಈ ವರ್ಷ ಇರುವುದಿಲ್ಲ. ಅಲ್ಲಿನ ಬೋಟಿನವರೇ ನೋಡಿ ನೋಡಿ ಹೋಗುತ್ತಾರೆ, ಅವರಿಗೂ ಅವಘಡ ಆದದ್ದುಂಟು. ಹೊರಗೆ ಆಳದಲ್ಲಿ ಉದ್ದಕ್ಕೆ ಏಳುವ ತೆರೆ, ಆಳ ಕಡಿಮೆ ಆದ ಕೂಡಲೇ ನೆಟ್ಟಗೆ ನಿಂತು ಮಗುಚುತ್ತದೆ. ಅದರ ಮೇಲೆ ಇಳಿತದ ಹೊತ್ತು ಆದರೆ ಮುಗಿಯಿತು. ನದಿ ನೀರು ಹೊರಗೆ ಬರುತ್ತದೆ, ಗಾಳಿ ಒಳಗೆ ತಳ್ಳುತ್ತದೆ, ನಡುವೆ ತೆರೆ ಗೋಡೆಯಾಗುತ್ತದೆ. ಹೊರಗಿನಿಂದ ನೋಡುವವನಿಗೆ ತೆರೆಯ ಬೆನ್ನು ಕಾಣುತ್ತದೆ, ಮುಖ ಕಾಣುವುದಿಲ್ಲ. ಹಾಗಾಗಿ ಮೋಸ ಹೋಗುತ್ತಾರೆ.

ನೀವು ಹೊನ್ನಾವರದ ಎದುರು ಇದ್ದಾಗ ಭರತವೋ ಇಳಿತವೋ ನೋಡಿದ್ದಿರಾ? ಬರೆದಿಲ್ಲ, ಅದಕ್ಕೆ ಕೇಳಿದೆ.

ಇನ್ನೊಂದು. ನಮ್ಮ ಅಜ್ಜ ಮಂಜಿಯಲ್ಲಿ, ಅಂದರೆ ಹಳೆಯ ಕಾಲದ ಸರಕಿನ ಹಾಯಿಹಡಗಿನಲ್ಲಿ, ಹೋಗುತ್ತಿದ್ದವರು. ಮಂಗಳೂರು ಹಂಚು ಹೇರಿಕೊಂಡು ಮುಂಬೈವರೆಗೆ, ಎಂಜಿನ್ ಇಲ್ಲ, ಬರೀ ಹಾಯಿ. ಅವರ ಲೆಕ್ಕ ರಾತ್ರಿಯದು. ರಾತ್ರಿ ಮೂಡುಗಾಳಿ ಬೀಳುತ್ತದೆ, ದಡದಿಂದ ಬರುವ ಗಾಳಿ, ಕಡಲು ಏಳುವುದಿಲ್ಲ. ಆಗ ದಾರಿ ಸಾಗಿಸುವುದು. ಮಧ್ಯಾಹ್ನದ ಗಾಳಿ ಜಾಸ್ತಿ ಆದರೆ ಎಲ್ಲಾದರೂ ಗುಡ್ಡದ ಮರೆ ಹಿಡಿಯುವುದು. ನೀವು ಐದೂವರೆಗೆ ಹೊರಟದ್ದು ನಮ್ಮ ಲೆಕ್ಕದಲ್ಲಿ ತಡ. ರಾತ್ರಿ ಒಂದಕ್ಕೆ ಹೊರಟಿದ್ದರೆ ಊಟದ ಹೊತ್ತಿಗೆ ಮುರ್ಡೇಶ್ವರದ ಹತ್ತಿರ ಇರುತ್ತಿದ್ದಿರಿ.

ಬಿಳಿ ಯೂನಿಫಾರ್ಮ್

ಮರ್ಚೆಂಟ್ ನೇವಿಯವನು. ಸ್ವಲ್ಪ ಕಹಿಯಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ.

22ರಿಂದ 27 ನಾಟ್ ಅಂದರೆ ಗಾಳಿಯ ಬಲ ಹೇಳುವ ಬೋಫರ್ಟ್ ಅಳತೆಯಲ್ಲಿ 6. ನಮ್ಮ ಹಡಗಿನಲ್ಲಿ ಆ ಗಾಳಿಗೆ ಯಾರೂ ತಲೆ ಎತ್ತುವುದಿಲ್ಲ. 27 ಅಡಿ ದೋಣಿಗೆ ಅದು ಬೇರೆ ಲೋಕ. ಹಾಗಿದ್ದೂ ನಿಮ್ಮ ಬರಹದಲ್ಲಿ ಲೈಫ್ ಜಾಕೆಟ್ ಅನ್ನುವ ಪದವೇ ಇಲ್ಲ. ಮೈಗೆ ಕಟ್ಟಿಕೊಳ್ಳುವ ಹಗ್ಗ ಇಲ್ಲ. ವಿಎಚ್‌ಎಫ್ ರೇಡಿಯೋ ಇತ್ತಾ? ತುರ್ತು ಕರೆಯ 16ನೇ ಚಾನೆಲ್ ಆನ್ ಇತ್ತಾ? ಯಾರಿಗಾದರೂ ತಲುಪುವ ಹೊತ್ತು ಹೇಳಿ ಹೊರಟಿದ್ದಿರಾ? ಕೋಸ್ಟ್ ಗಾರ್ಡ್ ಸಹಾಯವಾಣಿ 1554 ಫೋನಿನಲ್ಲಿ ಇತ್ತಾ?

ಮತ್ತೆ ಆ್ಯಪ್ ವಿಷಯ. ಅದು ಹೇಳುವುದು ದೊಡ್ಡ ಚೌಕದ ಸರಾಸರಿ ಗಾಳಿ. ಝೋಂಕು, ಅಂದರೆ ಒಮ್ಮೆಲೇ ನುಗ್ಗುವ ಬಿರುಸು ಗಾಳಿ, ಬೇರೆ. ಹೈದರಾಬಾದಿನ ಇನ್‌ಕಾಯ್ಸ್‌ನವರು (ಕಡಲ ಮಾಹಿತಿ ಕೊಡುವ ಸರ್ಕಾರಿ ಸಂಸ್ಥೆ) ಮೀನುಗಾರರಿಗೆ ಅಂತಲೇ ಅಲೆ ಮುನ್ಸೂಚನೆ ಕೊಡುತ್ತಾರೆ. ಅದನ್ನು ನೋಡಬೇಕಿತ್ತು. ಫೆಬ್ರವರಿಯಲ್ಲಿ ಪರ್ಷಿಯನ್ ಕೊಲ್ಲಿಯ ಕಡೆ ಶಮಾಲ್ ಅನ್ನುವ ವಾಯವ್ಯದ ಗಾಳಿ ಬೀಸಿದರೆ ಅದರ ಅಲೆ ಅರಬ್ಬೀ ಸಮುದ್ರ ದಾಟಿ ನಮ್ಮ ದಡಕ್ಕೆ ಬರುತ್ತದೆ. ನಿಮ್ಮ ಬೆನ್ನ ಹಿಂದೆ ಬಂದ ಆ ದೊಡ್ಡ ಅಲೆಗಳು ಅಲ್ಲೇ ಹುಟ್ಟಿದ ಗಾಳಿಯವು ಮಾತ್ರ ಅಂತ ನನಗೆ ಅನ್ನಿಸುವುದಿಲ್ಲ. ಒಂದು ಗಂಟೆಗೆ ಶುರುವಾದ ಗಾಳಿ ಎರಡು ಗಂಟೆಗೆ ಅಂಥ ಅಲೆ ಎಬ್ಬಿಸಲಾರದು.

ಹಾಯಿಮರುಳ

ಜಾಕೆಟ್ ಇತ್ತು, ಇಬ್ಬರೂ ಹಾಕಿದ್ದೆವು. ಕಟ್ಟುವ ಹಗ್ಗ ಬೂಮ್ ಹೊಡೆದ ಮೇಲೆ ಕಟ್ಟಿಕೊಂಡಿದ್ದು, ಅದು ತಪ್ಪೇ. 16 ಆನ್ ಇತ್ತು. ಮಲ್ಪೆಯಲ್ಲಿರುವ ಭಾವನಿಗೆ "ಏಳರೊಳಗೆ ಫೋನ್ ಬರದಿದ್ದರೆ 1554ಕ್ಕೆ ಮಾಡು" ಅಂತ ಹೇಳಿ ಹೊರಟಿದ್ದೆವು. ಅಲೆಯ ಮಾತು ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಸರ್.

ಅಳಿವೆ ಅಣ್ಣಾ, ಭರತ ಇಳಿತದ ಪಟ್ಟಿ ಫೋನಿನಲ್ಲಿತ್ತು. ಆ ಹೊತ್ತಿಗೆ ತೆಗೆದು ನೋಡಲಿಲ್ಲ. ನೀವು ಕೇಳಿದ ಮೇಲೆ ಈಗ ನೋಡಿದೆ. ಇಳಿತವೇ.

ಮಂಜು ಸೇತುವೆ

ಸ್ಯಾನ್ ಫ್ರಾನ್ಸಿಸ್ಕೋದಿಂದ. ಇಲ್ಲಿ ಬೇಸಿಗೆಯಲ್ಲಿ ಇದು ಬಹುಪಾಲು ದಿನಗಳ ಮಧ್ಯಾಹ್ನದ ಕಥೆ. ಒಳನಾಡಿನ ಕಣಿವೆ ಕಾದು ಗಾಳಿ ಮೇಲೇರುತ್ತದೆ, ತಣ್ಣನೆಯ ಕಡಲಗಾಳಿ ಗೋಲ್ಡನ್ ಗೇಟ್ ಕಂಡಿಯಿಂದ ಒಳಗೆ ನುಗ್ಗುತ್ತದೆ. 20-25 ನಾಟ್ ಇಲ್ಲಿ ಮಾಮೂಲು. ನಿಮ್ಮಲ್ಲಿ ಕಂಡಿ ಇಲ್ಲ, ಆದರೆ ದಡ ಕಾಯುವುದು, ಕಡಲಗಾಳಿ ಏಳುವುದು ಅದೇ ಲೆಕ್ಕ.

ನನಗೆ ನಿಮ್ಮ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು "ಮೈಮೇಲೆ ಗಾಳಿಯೇ ಗೊತ್ತಾಗುವುದಿಲ್ಲ" ಅನ್ನುವ ಮಾತು. ಅಲ್ಲೇ ಇರುವುದು ಎಲ್ಲಾ. ಲೆಕ್ಕ ಹಾಕಿ ನೋಡಿ. 20 ನಾಟ್ ಗಾಳಿ, ನೀವು ಅದರ ಜೊತೆಗೆ 6ರಲ್ಲಿ ಓಡುತ್ತಿದ್ದೀರಿ. ಹಾಯಿಗೆ ತಗಲುವುದು 14. ಸುಖ. ಈಗ ಹಾಯಿ ಮಡಚಬೇಕು ಅಂತ ಗಾಳಿಗೆ ಮುಖ ಮಾಡುತ್ತೀರಿ, ಎಂಜಿನ್‌ನಲ್ಲಿ 4 ನಾಟ್. ಈಗ ತಗಲುವುದು 24. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. 14ರ ವರ್ಗ 196, 24ರ ವರ್ಗ 576. ಮೂರು ಪಟ್ಟು ಹತ್ತಿರ! ಗಾಳಿ ಒಂದು ನಾಟ್ ಕೂಡ ಹೆಚ್ಚಾಗಿಲ್ಲ, ನೀವು ತಿರುಗಿದಿರಿ ಅಷ್ಟೇ. ಬೆನ್ನಿಗೆ ಗಾಳಿ ಇರುವಾಗ "ಇನ್ನು ಹತ್ತು ನಿಮಿಷ" ಅನ್ನುವವರು ಸಾಲ ಮಾಡುತ್ತಿರುತ್ತಾರೆ. ನಾನೂ ಮಾಡಿದ್ದೇನೆ, ಬಡ್ಡಿಗೆ ಒಂದು ಹಾಯಿ ಹರಿದುಕೊಂಡಿದ್ದೇನೆ.

ಎರಡನೆಯದು, ಬೂಮಿನ ತುದಿಯಿಂದ ದೋಣಿಯ ಮುಂಭಾಗಕ್ಕೆ ಒಂದು ಹಗ್ಗ ಬಿಗಿದಿದ್ದರೆ ಅದು ಹಾಗೆ ಬೀಸುತ್ತಿರಲಿಲ್ಲ. ಐದು ನಿಮಿಷದ ಕೆಲಸ. ಅಥವಾ ದೊಡ್ಡ ಹಾಯಿಯನ್ನೇ ಬಿಟ್ಟು ಬರೀ ಮುಂದಿನ ಹಾಯಿಯಲ್ಲಿ ಹೋಗುವುದು. ದೋಣಿಯನ್ನು ಮುಂದಿನಿಂದ ಎಳೆದ ಹಾಗೆ ಇರುತ್ತದೆ, ಹಿಂಭಾಗ ತಿರುಗುವ ಚಾಳಿ ಕಡಿಮೆ. ನೀವು ಕೊನೆಗೆ ಮಾಡಿದ್ದು ಅದೇ ತಾನೇ?

ಒಂದು ಅನುಮಾನ. ಗಾಳಿ ವಾಯವ್ಯದ್ದು, ನೀವು ಹೋಗುತ್ತಿದ್ದದ್ದು ತೆಂಕಕ್ಕೆ ಸ್ವಲ್ಪ ಮೂಡಣ ಓರೆ. ಗಾಳಿ ಬಲ ಹಿಂಬದಿಯಿಂದ, ಬೂಮ್ ಎಡಕ್ಕೆ. ಅದು ಬಲಕ್ಕೆ ಬೀಸಬೇಕಾದರೆ ದೋಣಿಯ ಮೂತಿ ಎಡಕ್ಕೆ, ಅಂದರೆ ದಡದ ಕಡೆಗೆ ತಿರುಗಿರಬೇಕು. ಬರೀ ಅಲೆ ತಿರುಗಿಸಿತಾ?

ಚೌತಿ ಚಂದ್ರ

ಅಷ್ಟು ಗಾಳಿಯಲ್ಲಿ ಇಬ್ಬರೇ ಹೋಗಿದ್ದೇ ತಪ್ಪು ಅಂತ ನನಗನ್ನಿಸುತ್ತೆ. ಒಬ್ಬರಿಗೆ ಏನಾದರೂ ಆದರೆ ಇನ್ನೊಬ್ಬರು ಏನು ಮಾಡ್ತಾರೆ? ಮೂರನೆಯವರು ಇರಲೇಬೇಕು. ಅದೂ ಹೆಂಗಸರನ್ನು ಕರ್ಕೊಂಡು...

ಮಂಜು ಸೇತುವೆ

ಚಂದ್ರ ಅವರೇ, ನೌಕಾಪಡೆಯ ದಿಲ್ನಾ ಮತ್ತು ರೂಪಾ ಇಬ್ಬರೇ ತಾರಿಣಿ ದೋಣಿಯಲ್ಲಿ 2024ರ ಅಕ್ಟೋಬರ್ 2ಕ್ಕೆ ಗೋವಾದಿಂದ ಹೊರಟು, ಜಗತ್ತು ಸುತ್ತಿ 2025ರ ಮೇ ಕೊನೆಗೆ ಗೋವಾಕ್ಕೇ ಬಂದರು. ಇಬ್ಬರೂ "ಹೆಂಗಸರು". "ಕರ್ಕೊಂಡು" ಹೋದವರು ಯಾರೂ ಇರಲಿಲ್ಲ.

ಚೌತಿ ಚಂದ್ರ

ಸರಿ, ಆ ಕೊನೆಯ ಸಾಲು ವಾಪಸ್. ಆದರೆ ಅವರು ವರ್ಷಗಟ್ಟಲೆ ತಯಾರಿ ಮಾಡಿದವರು, ಅವರ ದೋಣಿಯೂ ಇದರ ಎರಡು ಪಟ್ಟು ಉದ್ದ. ಒಬ್ಬರಿಗೆ ಏಟಾದರೆ ಏನು ಅನ್ನುವ ಪ್ರಶ್ನೆ ಹಾಗೇ ಇದೆ.

ಉಪ್ಪುನೀರು

ನಾನು ಆ ಹೆಂಡತಿ. ಈ ಖಾತೆ ತೆರೆದಿದ್ದೇ ಇವತ್ತು, ಇದಕ್ಕಾಗಿ.

ಮಂಜು ಸೇತುವೆ ಅವರ ಅನುಮಾನ ಸರಿ. ಬರೀ ಅಲೆ ಅಲ್ಲ. ಇವರು ಹೊನ್ನಾವರದ ಅಳಿವೆಯ ಕಡೆ ನೋಡುತ್ತಿದ್ದರು. ಕುತ್ತಿಗೆ ಎಡಕ್ಕೆ ತಿರುಗಿತು, ಕೈಯೂ ಜೊತೆಗೆ ತಿರುಗಿತು. ಮೀಟರ್ ನೋಡಿ ಗಾಬರಿಯಾಗಿ ಒಳಗೆ ಹೋಗೋಣ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು, ನನಗೆ ಹೇಳಿರಲಿಲ್ಲ. ಅಲೆ ಬಂದಿದ್ದು ನಿಜ. ಆದರೆ ಅರ್ಧ ಕೆಲಸ ಆಗಲೇ ಆಗಿತ್ತು.

ಹಾಯಿ ಮಡಚೋಣ ಅಂತ ನಾನು ಹೇಳಿದ್ದು ಒಂದು ಸಲ ಅಲ್ಲ, ಮೂರು ಸಲ. ಒಂದೂಕಾಲಿಗೆ, ಒಂದೂವರೆಗೆ, ಮತ್ತೆ ನಡುಗಡ್ಡೆ ದಾಟುವಾಗ. ಮೂರನೆಯ ಸಲ ಉತ್ತರ ಬರಲಿಲ್ಲ. ನಾನು ಮುನಿಸಿಕೊಂಡು ಒಳಗೆ ಹೋದೆ. ಚಾರ್ಟ್ ತೆಗೆದು ಮುರ್ಡೇಶ್ವರದ ತೆಂಕು ಬದಿಯ ಆಳ ಇನ್ನೊಮ್ಮೆ ನೋಡೋಣ ಅಂತ ಬಗ್ಗಿದೆ. ಹಾಗಾಗಿ ಬೂಮ್ ಹೊಡೆದಾಗ ನಾನು ಹೊರಗಿರಲಿಲ್ಲ. ಇವರು ಅದನ್ನು ದೇವರ ದಯೆ ಅನ್ನುತ್ತಾರೆ. ಅದು ನನ್ನ ಸಿಟ್ಟು.

ಅಳಿವೆಗೆ ಬೇಡ ಅಂದಿದ್ದು ನಾನೇ. ಧೈರ್ಯ ಅಂತಲ್ಲ. ಸದ್ದಾದ ಮೇಲೆ ಮೇಲೆ ಬಂದೆ. ಇವರ ಕೈಯಲ್ಲಿ ರಕ್ತ, ಹಾಯಿ ಬಡಿದುಕೊಳ್ಳುತ್ತಿದೆ, ಇವರು "ಒಳಗೆ ಹೋಗೋಣ, ಒಳಗೆ ಹೋಗೋಣ" ಅನ್ನುತ್ತಿದ್ದಾರೆ. ಅಳಿವೆಯ ಬಾಯಲ್ಲಿ ಬಿಳಿ ಗೆರೆ ಕಾಣುತ್ತಿತ್ತು. ಒಂದು ಬದಿಯಿಂದ ಇನ್ನೊಂದು ಬದಿಗೆ, ನಡುವೆ ಜಾಗವೇ ಇಲ್ಲ. ಅದರ ಹೊರಗಡೆ ಒಂದು ಟ್ರಾಲ್ ಬೋಟ್ ಸುಮ್ನೆ ನಿಂತಿತ್ತು. ಊರಿನ ಬೋಟೇ ಒಳಗೆ ಹೋಗದೆ ಕಾಯುತ್ತಿದ್ದರೆ ನಾವು ಯಾರು? ಅದನ್ನೇ ತೋರಿಸಿದೆ. ಇವರು ನೋಡಿದರು, ಆಮೇಲೆ ಮಾತಾಡಲಿಲ್ಲ. ಚುಕ್ಕಾಣಿ ನನ್ನ ಕೈಗೆ ಬಂತು.

ಚಂದ್ರ ಅವರ ಪ್ರಶ್ನೆಗೆ ಉತ್ತರವೂ ಇದೇ. ಒಬ್ಬರಿಗೆ ಏಟಾಯಿತು, ಇನ್ನೊಬ್ಬರು ನಡೆಸಿದರು. ಆದರೆ ಏಟು ದೊಡ್ಡದಾಗಿದ್ದರೆ? ಇವರು ನೀರಿಗೆ ಬಿದ್ದಿದ್ದರೆ ಆ ಗಾಳಿಯಲ್ಲಿ ಎರಡೂ ಹಾಯಿ ಇಳಿಸಿ, ದೋಣಿ ತಿರುಗಿಸಿ, ಇವರ ತಲೆಯನ್ನು ಕಣ್ಣಿಂದ ಬಿಡದೆ, 78 ಕೆಜಿ ಮನುಷ್ಯನನ್ನು ಒಬ್ಬಳೇ ಮೇಲಕ್ಕೆ ಎತ್ತಲು ನನ್ನಿಂದ ಆಗುತ್ತಿರಲಿಲ್ಲ. ರಾತ್ರಿ ಲಂಗರು ಹಾಕಿದ ಮೇಲೆ ನಾನು ಅತ್ತಿದ್ದು ಅದಕ್ಕೆ. ಇವರು ಅದನ್ನೂ ಬರೆದಿಲ್ಲ.

ಈಗ ನಮ್ಮಲ್ಲಿ ಒಂದು ಕಾನೂನು ಇದೆ. ಹಾಯಿ ಏರಿಸಲು ಇಬ್ಬರೂ ಒಪ್ಪಬೇಕು. ಇಳಿಸಲು ಒಬ್ಬರು ಹೇಳಿದರೆ ಸಾಕು, ಇನ್ನೊಬ್ಬರು ಯಾಕೆ ಅಂತ ಕೇಳುವ ಹಾಗಿಲ್ಲ. ಮಡಚುವ ಅಳತೆಗೆ ಹಗ್ಗದ ಮೇಲೆ ಕೆಂಪು ಟೇಪ್ ಸುತ್ತಿದ್ದೇನೆ, ಕತ್ತಲಲ್ಲೂ ಕೈಗೆ ಸಿಗುತ್ತದೆ. ಮತ್ತೆ ಕಟ್ಟಿಕೊಳ್ಳುವ ಹಗ್ಗ ಬಂದರು ಬಿಡುವ ಮೊದಲೇ.

ಹಾಯಿಮರುಳ

ಇದಕ್ಕೆ ನನ್ನದು ಏನೂ ಉತ್ತರ ಇಲ್ಲ. 74 ಕೆಜಿ ಅನ್ನುವುದು ಬಿಟ್ಟು.

ಬಸವನಗುಡಿ ಬೋಂಡ

ಅಕ್ಕ, ನೀವೇ ಮೊದಲು ಬರೀಬೇಕಿತ್ತು. 😄

ಬಿಳಿ ಯೂನಿಫಾರ್ಮ್

ಟ್ರಾಲ್ ಬೋಟ್ ಹೊರಗೆ ಕಾಯುತ್ತಿದ್ದನ್ನು ಗಮನಿಸಿದಿರಲ್ಲ, ಶಹಭಾಷ್ ಮೇಡಂ. ಹಡಗಿನಲ್ಲಿ ಎಷ್ಟು ಪರದೆ ಇದ್ದರೂ ನಮ್ಮ ಕ್ಯಾಪ್ಟನ್ ಮೊದಲು ಕಿಟಕಿಯಿಂದ ಹೊರಗೆ ನೋಡು ಅನ್ನುತ್ತಿದ್ದರು. ನೀರಿನಿಂದ ಎತ್ತುವುದಕ್ಕೆ ಒಂದು ಉಪಾಯ: ಬೂಮಿಗೆ ಮೂರು-ನಾಲ್ಕು ರಾಟೆಯ ಹಗ್ಗ ಸಿಕ್ಕಿಸಿಕೊಂಡು ಬಂದರಿನಲ್ಲೇ ಅಭ್ಯಾಸ ಮಾಡಿ. ನೀವು ಅವರನ್ನು ಎತ್ತಿ, ಅವರು ನಿಮ್ಮನ್ನು ಎತ್ತಲಿ. ತೂಕದ ಜಗಳವೂ ಅಲ್ಲೇ ತೀರುತ್ತದೆ.

ಅಳಿವೆ ಬಾಗಿಲು

ಆ ಬೋಟಿನವರು ಭರತಕ್ಕೆ ಕಾಯುತ್ತಿದ್ದದ್ದು ಇರಬೇಕು. ನೀರು ಏರಿದರೆ ಹೊಸ್ತಿಲ ಮೇಲೆ ಆಳ ಸಿಗುತ್ತದೆ, ತೆರೆ ಮಗುಚುವುದು ಸ್ವಲ್ಪ ಕಡಿಮೆ. ಆರು ತಾಸಿನ ವಿಷಯ. ಕಾಯಲು ಬೇಸರ ಪಟ್ಟವರ ಕಥೆ ನಮ್ಮಲ್ಲಿ ಮನೆಗೊಂದು ಇದೆ, ಇಲ್ಲಿ ಬೇಡ.

ತಂಗಿ, ಒಂದು ಕೇಳಬೇಕು. ಮುರ್ಡೇಶ್ವರದಿಂದ ಮಲ್ಪೆಗೆ ಯಾವಾಗ ಹೊರಟಿರಿ? ಪಿನ್ನು ಬಾಗಿದ ದೋಣಿಯಲ್ಲಿ?

ಉಪ್ಪುನೀರು

ಎರಡು ರಾತ್ರಿ ಅಲ್ಲೇ ಇದ್ದೆವು ಅಣ್ಣಾ. ಮೀನು ತರಲು ಬಂದ ನಾಡದೋಣಿಯವರೊಬ್ಬರು ದಡಕ್ಕೆ ಕರೆದುಕೊಂಡು ಹೋಗಿ ವೆಲ್ಡಿಂಗ್ ಅಂಗಡಿ ತೋರಿಸಿದರು. ಹಳೆಯ ಸ್ಟೀಲ್ ಬೋಲ್ಟ್ ಒಂದನ್ನು ಕೊಯ್ದು ಪಿನ್ನು ಮಾಡಿಕೊಟ್ಟರು. ಈಗಲೂ ಅದೇ ಇದೆ. ಮೂರನೆಯ ದಿನ ರಾತ್ರಿ ಎರಡಕ್ಕೆ ಲಂಗರು ಎತ್ತಿದೆವು. ನೀವು ಹೇಳಿದ ಮೂಡುಗಾಳಿ ಇತ್ತು, ಕಡಲು ಹಾಸಿದ ಹಾಗೆ. ಬಲೆ ಬಿಟ್ಟ ದೋಣಿಗಳ ದೀಪಗಳ ನಡುವೆ ದಾರಿ ಹುಡುಕುವುದೇ ಕೆಲಸ, ದೋಣಿಯ ಅಡಿಯ ಫ್ಯಾನಿಗೆ ಬಲೆ ಸಿಕ್ಕಿಕೊಂಡರೆ ಅಂತ ಒಬ್ಬರು ಮುಂದೆ ಟಾರ್ಚ್ ಹಿಡಿದು ಕೂತೆವು. ಬೆಳಿಗ್ಗೆ ಗಾಳಿ ನಿಂತ ಮೇಲೆ ಎಂಜಿನ್. ಹನ್ನೆರಡೂವರೆಗೆ ಮಲ್ಪೆ ಮುಟ್ಟಿದೆವು. ಸೇಂಟ್ ಮೇರೀಸ್ ದ್ವೀಪದ ಆಚೆ ಆಗಷ್ಟೇ ಗಾಳಿಗೆ ನೀರು ಕಪ್ಪಾಗಲು ಶುರುವಾಗಿತ್ತು.

ಅಳಿವೆ ಬಾಗಿಲು

ಸರಿಯಾದ ಹೊತ್ತು. ಮುಂದಿನ ಸಲ ಗಂಗೊಳ್ಳಿಗೆ ಬರುವುದಾದರೆ ಹಿಂದಿನ ದಿನ ಇಲ್ಲಿ ಒಂದು ಸಾಲು ಹಾಕಿ. ಭರತದ ಹೊತ್ತಿಗೆ ನಮ್ಮ ಹುಡುಗರು ಹೊರಗೆ ಬಂದು ನಿಲ್ಲುತ್ತಾರೆ, ಅವರ ಬೋಟಿನ ಹಿಂದೆಯೇ ಬನ್ನಿ. ಅಣ್ಣನ ಕೈ ಹೇಗಿದೆ ಈಗ?

ಹಾಯಿಮರುಳ

ಕಲೆ ಉಳಿದಿದೆ ಅಣ್ಣಾ. ಕೆಂಪು ಟೇಪ್ ನೋಡಿದಾಗಲೆಲ್ಲ ತುರಿಸುತ್ತದೆ.